ಟೀ ಟ್ರೀ ಎಣ್ಣೆ ಮತ್ತು ಗುಬ್ಬಿಯ ನೆತ್ತಿ

ಮಾರ್ಚ್ ೧೪, ಮಂಗಳವಾರ
ಔಷಧಿ ಅಂಗಡಿ, ಮಧ್ಯಾಹ್ನ

ಪ್ರೀತಿಯ ಚಿನ್ನಿಗೆ, ಅಮ್ಮನ ನೆನಪುಗಳು.

ಹತ್ತೊಂಬತ್ತು ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಮೊದಲ ವಾರ, ಕೋಪ ಇಳಿಯಲಿ ಎಂದು ಸುಮ್ಮನಿದ್ದೆ. ಎರಡನೇ ವಾರ ನನಗೇ ಕೋಪ ಬಂತು. ಈಗ ಸಾಕಾಗಿಹೋಗಿದೆ. ನಿನ್ನ ಗಂಡನಿಗೆ ಫೋನ್ ಮಾಡಿದರೆ ಪಾಪ, "ಅವಳು ಸ್ನಾನಕ್ಕೆ ಹೋಗಿದ್ದಾಳೆ ಅತ್ತೆ" ಎನ್ನುತ್ತಾನೆ. ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತೀಯೆ ನೀನು? ಅದಕ್ಕೇ ಈ ಕಾಗದ. ಇದನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ.

ಆಸ್ಪತ್ರೆಯಲ್ಲಿ ನಾನು ಜೋರು ಮಾಡಿದ್ದು ನಿಜ. ಆದರೆ ನನ್ನ ಕಡೆಯಿಂದಲೂ ಸ್ವಲ್ಪ ನೋಡು. ಆರು ವರ್ಷದ ಮೊಮ್ಮಗಳು, ನಮ್ಮ ಗುಬ್ಬಿ. ನೆತ್ತಿಯಿಂದ ಕಿವಿಯ ಹಿಂದಿನವರೆಗೆ ಕೆಂಪು ಬೊಬ್ಬೆ, ರೆಪ್ಪೆ ಊದಿ ಕಣ್ಣೇ ಕಾಣುತ್ತಿರಲಿಲ್ಲ. ಡಾಕ್ಟರು "ಏನು ಹಚ್ಚಿದ್ರಿ?" ಎಂದರು. ನೀನು "ಟೀ ಟ್ರೀ ಎಣ್ಣೆ, ಹೇನಿಗೆ" ಎಂದೆ. ನಾನು ನಿನ್ನ ಗಂಡ, ಅತ್ತೆ, ನರ್ಸುಗಳೆಲ್ಲರ ಎದುರು "ಹಾಗೇ ಸುರಿದಿರ್ತಾಳೆ ಡಾಕ್ಟ್ರೇ, ಇವಳಿಗೆ ಯಾವಾಗ್ಲೂ ಅವಸರ" ಎಂದುಬಿಟ್ಟೆ. "ಇಲ್ಲಮ್ಮ, ನೀನು ಹೇಳಿದ ಹಾಗೇ ಕೊಬ್ಬರಿ ಎಣ್ಣೇಲಿ ಕಲಸಿದ್ದೀನಿ" ಎಂದು ನೀನು ಎರಡು ಸಲ ಹೇಳಿದೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಪ್ಪತ್ತೆಂಟು ವರ್ಷದಿಂದ ಈ ಕೌಂಟರಿನ ಹಿಂದೆ ನಿಂತು ಆ ಎಣ್ಣೆಯ ಕಥೆ ಹೇಳುತ್ತಾ ಬಂದವಳು ನಾನು. ನೀನು ಶಾಲೆಯಿಂದ ಬಂದು ಇಲ್ಲೇ ಸ್ಟೂಲಿನ ಮೇಲೆ ಕೂತು ಲೆಕ್ಕ ಮಾಡುತ್ತಾ, ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೆ. ನಾವು ಕುಡಿಯುವ ಚಹಾದ ಗಿಡಕ್ಕೂ ಅದಕ್ಕೂ ಸಂಬಂಧವಿಲ್ಲ. ಆಸ್ಟ್ರೇಲಿಯಾದ ಜೌಗು ನೆಲದ ಮರ ಅದು. ಅಲ್ಲಿನ ಮೂಲನಿವಾಸಿಗಳು ಎಲೆ ಜಜ್ಜಿ ನೆಗಡಿಗೆ ಮೂಸುತ್ತಿದ್ದರು, ಗಾಯಕ್ಕೆ ಕಟ್ಟುತ್ತಿದ್ದರು. ಯಾರೋ ನಾವಿಕರು ಅಂಥದೇ ಎಲೆ ಕುದಿಸಿ ಚಹಾದಂತೆ ಕುಡಿದರಂತೆ, ಹೆಸರು ಅಂಟಿಕೊಂಡಿತು. ಸುಮಾರು ನೂರು ವರ್ಷದ ಹಿಂದೆ ಒಬ್ಬ ರಸಾಯನಶಾಸ್ತ್ರಜ್ಞ ಪರೀಕ್ಷಿಸಿ, ಆಗ ಆಸ್ಪತ್ರೆಗಳಲ್ಲಿದ್ದ ಕಾರ್ಬಾಲಿಕ್ ಆಮ್ಲಕ್ಕಿಂತ ಇದು ಕ್ರಿಮಿಗಳನ್ನು ಚೆನ್ನಾಗಿ ಕೊಲ್ಲುತ್ತದೆ ಎಂದ. ಯುದ್ಧದ ಕಾಲಕ್ಕೆ ಸೈನಿಕರ ಚೀಲವನ್ನೂ ಸೇರಿತಂತೆ. ಪೆನಿಸಿಲಿನ್ ಬಂದಮೇಲೆ ಎಲ್ಲರೂ ಮರೆತರು, ಎಷ್ಟೋ ವರ್ಷದ ಮೇಲೆ ಮತ್ತೆ ನೆನಪಾಯಿತು. ಮೊಡವೆ, ತಲೆಹೊಟ್ಟು, ಕಾಲ್ಬೆರಳ ಸಂದಿಯ ತುರಿಕೆ. ಯಾವತ್ತೂ ಬೇರೆ ಎಣ್ಣೆಯಲ್ಲಿ ಕಲಸಿಯೇ ಹಚ್ಚಬೇಕು, ಹೊಟ್ಟೆಗೆ ಹೋಗಲೇಬಾರದು. ಇಷ್ಟನ್ನು ನಿದ್ದೆಗಣ್ಣಿನಲ್ಲೂ ಹೇಳುತ್ತೇನೆ.

ಹೇಳದೆ ಬಿಡುತ್ತಿದ್ದ ಮಾತು ಒಂದಿದೆ. ಮುಚ್ಚಳ ತೆರೆದ ಮೇಲೆ ಗಾಳಿ, ಬೆಳಕು, ಬಿಸಿ ತಾಕಿ ಆ ಎಣ್ಣೆ ಕೆಡುತ್ತಾ ಹೋಗುತ್ತದೆ. ಕೆಟ್ಟ ಎಣ್ಣೆ ಕೆಲವರ ಚರ್ಮಕ್ಕೆ ಆಗಿಬರುವುದೇ ಇಲ್ಲ, ಎಷ್ಟು ಕಲಸಿದರೂ ಅಷ್ಟೆ.

ಆವತ್ತು ಡಾಕ್ಟರು ಬಾಟಲಿಯನ್ನು ನನ್ನ ಕೈಗೇ ಕೊಟ್ಟಿದ್ದರು. ಮೂರನೇ ದಿನ ಚೀಲದಿಂದ ತೆಗೆದು ನೋಡಿದೆ. ಬಾಟಲಿಯ ತಳಕ್ಕೆ ಅಂಟಿಸಿದ ಚೀಟಿ, ಅದರ ಮೇಲೆ ತೆರೆದ ತಾರೀಖು, ನನ್ನದೇ ಅಕ್ಷರ. ತೆರೆದು ನಾಲ್ಕು ವರ್ಷ ಎರಡು ತಿಂಗಳಾಗಿತ್ತು. ನೀನು ಅಂಗಡಿಗೆ ಬಂದು ಹೊಸದು ಒಯ್ಯುತ್ತೇನೆ ಎಂದಿದ್ದೆ. "ಅಷ್ಟಕ್ಕೆ ಯಾಕೆ ಅಲ್ಲಿತನಕ ಬರ್ತೀಯ, ಇದೇ ತಗೊಂಡ್ಹೋಗು" ಎಂದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಬಿಸಿಲು ಕಾಯುತ್ತಿದ್ದ ಬಾಟಲಿಯನ್ನು ನಿನ್ನ ಚೀಲಕ್ಕೆ ತುರುಕಿದವಳು ನಾನು. ಊರಿಗೆಲ್ಲ ಮಾತ್ರೆಯ ತಾರೀಖು ನೋಡಿ ಎನ್ನುವವಳು ಇದರದ್ದು ನೋಡಲಿಲ್ಲ.

ಅಂದರೆ ಹದಿನಾರು ದಿನದಿಂದ ನನಗೆ ಗೊತ್ತು. ಬಾಟಲಿಯನ್ನು ಕೆಮ್ಮಿನ ಸಿರಪ್ಪುಗಳ ಹಿಂದೆ ಅಡಗಿಸಿಟ್ಟು, ಫೋನ್ ಎತ್ತದ ನಿನ್ನ ಮೇಲೇ ಸಿಡುಕುತ್ತಾ ಕೂತೆ. ನೀನು ಎತ್ತಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಆಣೆಗೂ ಗೊತ್ತಿಲ್ಲ. ಎತ್ತಲಿಲ್ಲವಲ್ಲ ಎಂದು ಒಳಗೊಳಗೆ ಸಮಾಧಾನವಾದದ್ದೂ ಉಂಟು.

ಮೊನ್ನೆ ಭಾನುವಾರ ನಿನ್ನ ಗಂಡ ಮುಲಾಮಿಗೆ ಬಂದಿದ್ದ. ಗುಬ್ಬಿಯ ಬೊಬ್ಬೆಗಳು ಒಣಗಿವೆ ಎಂದ. ಆಮೇಲೆ ತಲೆ ತಗ್ಗಿಸಿಕೊಂಡು, "ನಮ್ಮಮ್ಮ ಈಗ ಮಗು ತಲೆ ಮುಟ್ಟೋಕೆ ಇವಳನ್ನ ಬಿಡ್ತಿಲ್ಲ ಅತ್ತೆ. ಸ್ನಾನ, ಮುಲಾಮು, ಎಲ್ಲ ಅಮ್ಮನೇ. ಹೆತ್ತ ತಾಯೇ ಹೇಳಿದಾರಲ್ಲ ಅವಳಿಗೆ ಅವಸರ ಅಂತ, ಅಂತಾರೆ. ಇವಳು ಬಾಗಿಲ ಹತ್ರ ನಿಂತು ನೋಡ್ತಿರ್ತಾಳೆ" ಎಂದ.

ನಾನು ಚಿಲ್ಲರೆ ಎಣಿಸುವವಳಂತೆ ಗಲ್ಲಾಪೆಟ್ಟಿಗೆಗೆ ಕೈ ಹಾಕಿ ನಿಂತೆ. ಅವಸರ ನಿನಗಲ್ಲ ಚಿನ್ನಿ, ನನಗೆ. ತಪ್ಪನ್ನು ಯಾರ ತಲೆಗಾದರೂ ಕಟ್ಟಿ ಕೈ ತೊಳೆದುಕೊಳ್ಳುವ ಅವಸರ. ಅದಕ್ಕೆ ನಿನ್ನ ತಲೆಯೇ ಹತ್ತಿರ ಸಿಕ್ಕಿತು.

ಬೈಯಬೇಕೆನಿಸಿದರೆ ಬೈ. ಫೋನ್ ಎತ್ತಿ ಬೈ, ಅಷ್ಟೇ ಕೇಳುವುದು.

ಇನ್ನೂ ಸಿಟ್ಟಿನಲ್ಲೇ ಇರುವ, ಆದರೆ ನಿನ್ನ ಮೇಲಲ್ಲದ,
ಅಮ್ಮ

ತಾ.ಕ.: ನಿನ್ನ ಅತ್ತೆಯವರಿಗೆ ನಿನ್ನೆ ಒಂದು ಕಾಗದ ಹಾಕಿದೆ. ಅದರಲ್ಲಿ ಆಸ್ಟ್ರೇಲಿಯಾ ಇಲ್ಲ, ಸೈನಿಕರಿಲ್ಲ. "ಎಣ್ಣೆ ಕೆಟ್ಟಿತ್ತು. ಕೊಟ್ಟವಳು ನಾನು. ನನ್ನ ಮಗಳು ಸರಿಯಾಗಿಯೇ ಕಲಸಿದ್ದಳು." ಈ ಮೂರು ಸಾಲಿಗೆ ನಾಲ್ಕು ಹಾಳೆ ಹರಿದೆ. ನಿನ್ನದಕ್ಕಿಂತ ಮೊದಲು ಅದು ತಲುಪಲಿ ಎಂದೇ, ಇದನ್ನು ಒಂದು ದಿನ ತಡೆದು ಬರೆಯುತ್ತಿದ್ದೇನೆ.