ಜಾಹ್ನವಿಯ ಹನ್ನೆರಡು ಹಾಳೆ

ಕೊಲಿಂಡೇಲ್, ಲಂಡನ್
೯ ಮಾರ್ಚ್ ೨೦೨೫

ಪ್ರೀತಿಯ ರಜನಿ,

ಗದಗಿನಲ್ಲಿ ನಿಮ್ಮವ್ವನ ಹತ್ತಿರ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಅಂದುಕೊಂಡಿದ್ದೇನೆ. ಮಗಳ ಪ್ರಾಜೆಕ್ಟ್ ಕಳಿಸೆಂದು ನೀನು ಹೇಳಿ ಒಂದೂವರೆ ತಿಂಗಳಾಯಿತು. "ಆಕಿ ಕೈಲೆ ಬರ್ದಿದ್ದು ಕಡೀದು ಅದ ಐತಿ, ನನಗ ಬೇಕು" ಎಂದು ಫೋನಿನಲ್ಲಿ ಅಳುತ್ತಾ ಹೇಳಿದ್ದೆ. ಶಾಲೆಯವರು ಇನ್ನೂ ಕೊಟ್ಟಿಲ್ಲ ಎಂದೆ ನಾನು. ಸುಳ್ಳು. ಕೊಟ್ಟು ಎಷ್ಟೋ ದಿನವಾಯಿತು. ತಡಕ್ಕೆ ಕ್ಷಮೆ ಕೇಳಲು ನನಗೆ ಮುಖವಿಲ್ಲ.

ಇಲ್ಲಿ ಲಿಫ್ಟ್ ಮತ್ತೆ ಕೆಟ್ಟಿದೆ. ಪಕ್ಕದ ಫ್ಲಾಟಿನ ಸಿರಿಶಾ ದಿನಾ ಸಾರು ತಂದುಕೊಡುತ್ತಾರೆ, ಅರ್ಧ ಚೆಲ್ಲುತ್ತೇನೆ.

ಪ್ರಾಜೆಕ್ಟನ್ನು ಶಾಲೆಗೆ ಕೊಡುವ ಮುಂಚಿನ ಭಾನುವಾರ ನೀನು ಡ್ಯೂಟಿಗೆ ಹೋಗಿದ್ದೆ. ಜಾಹ್ನವಿ ಚೀನಾದ ಸಾಂಗ್ ರಾಜವಂಶದ ಬಗ್ಗೆ ಹನ್ನೆರಡು ಹಾಳೆ ಬರೆದು ಮುಗಿಸಿದ್ದಳು: ಕಾಗದದ ಹಣ, ದಿಕ್ಸೂಚಿ, ಮಣ್ಣಿನ ಅಚ್ಚುಮೊಳೆ, ಹಡಗು ಹತ್ತಿ ಹೋಗುತ್ತಿದ್ದ ಪಿಂಗಾಣಿ. ಆ ಕಾಲದ ಸರಕಾರಿ ನೌಕರಿಯ ಪರೀಕ್ಷೆ ಬಗ್ಗೆ ಬರೆದ ಹಾಳೆ ಅವಳಿಗೆ ಬಲು ಇಷ್ಟ. ಅಕ್ಷರ ನೋಡಿ ಯಾರ ಉತ್ತರವೆಂದು ಗೊತ್ತಾಗಬಾರದೆಂದು ಗುಮಾಸ್ತರು ಎಲ್ಲವನ್ನೂ ನಕಲು ಮಾಡುತ್ತಿದ್ದರಂತೆ. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಅವಳ ಕಾಗೆಕಾಲು ಗುಬ್ಬಿಕಾಲು ಅಕ್ಷರ, ಜ್ಯೂಸಿನ ಕಲೆ. ಶಾಲೆಯ ಬಹುಮಾನ ಕೈತಪ್ಪೀತೆಂದು ನಾನೇ ಕೂತು ಫೇರ್ ಕಾಪಿ ಮಾಡಿದೆ.

"ಅಪ್ಪಾ, ಇಟ್ಸ್ ಮೈ ವರ್ಕ್!" ಎಂದಳು.

"ಸುಮ್ನಿರವ್ವ, ಪ್ರೈಜ್ ನಿನಗ ಬರ್ತೈತಿ" ಎಂದೆ. ಅವಳ ಹಾಳೆಗಳನ್ನು ಕೆಳಗಿನ ರೀಸೈಕ್ಲಿಂಗ್ ಡಬ್ಬಿಗೆ ಹಾಕಿ ಬಂದೆ. ಹತ್ತನೇ ದಿನ ಅವಳಿಗೆ ಜ್ವರ ಬಂತು. ಮತ್ತೆ ಮೂರು ದಿನಕ್ಕೆ ಆಸ್ಪತ್ರೆಯಿಂದ ನಾವಿಬ್ಬರೇ ಮನೆಗೆ ಬಂದೆವು.

ಈ ಪಾರ್ಸೆಲ್‌ನಲ್ಲಿರುವುದು ನನ್ನ ಫೇರ್ ಕಾಪಿ. ಇದರಲ್ಲಿ ಅವಳು ಬರೆದ ಒಂದಕ್ಷರವೂ ಇಲ್ಲ ರಜನಿ. ಎದೆಗೆ ಒತ್ತಿಕೊಳ್ಳುವ ಮೊದಲು ನಿನಗೆ ಗೊತ್ತಿರಲಿ ಎಂದು ಪತ್ರವನ್ನು ಮೇಲೆಯೇ ಇಟ್ಟಿದ್ದೇನೆ. ಎಷ್ಟು ಬೇಕಾದರೂ ಬೈ, ಮಾತು ಮಾತ್ರ ಬಿಡಬೇಡ. ನಿಮ್ಮವ್ವನಿಗೆ ನಮಸ್ಕಾರ. ನಿನಗೊಂದಿಷ್ಟು ನಿದ್ದೆ ಬರಲಿ ಎಂದು ದೇವರನ್ನು ಕೇಳಿಕೊಳ್ಳುತ್ತೇನೆ.

ನಿನ್ನ,
ಅಮರ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಆಗಲಿಲ್ಲ. ಮಗಳಿಗೆ ಕನ್ನಡ ಕಲಿಸಲಿಲ್ಲ ಎಂದು ನೀನು ಈಗಲೂ ಕೊರಗುತ್ತೀಯಲ್ಲ, ಅವಳು ಬರೆಯಲು ಕಲಿತಿದ್ದಳು, ನಿನಗೆ ಗೊತ್ತಾಗದ ಹಾಗೆ. ಕೊನೆಯ ಹಾಳೆಯ ಕೆಳಗೆ ಸೊಟ್ಟಸೊಟ್ಟಗೆ 'ಇದು ನಮ್ಮ ಅವ್ವಗ' ಎಂದು ಬರೆದಿದ್ದಳು. ಟೀಚರಿಗೆ ಓದಲು ಬರುವುದಿಲ್ಲವೆಂದು ಅದೊಂದು ಸಾಲನ್ನು ನಾನು ಬಿಟ್ಟುಬಿಟ್ಟೆ.