ಹೆಸರಿಲ್ಲದ ತುಂಡು

ಹರಪನಹಳ್ಳಿ ಹಾಸ್ಟೆಲ್ಲಿನಿಂದ,
ಗುರುವಾರ

ಕೊಟ್ರೇಶಣ್ಣಾರಿಗೆ,

ನಿಮ್ಮ ಮೆಡಿಕಲ್ ಶಾಪಿನಾಗ ಕೆಲಸಕ್ಕಿದ್ದ ಕ್ರಾಂತಿಯ ನಮಸ್ಕಾರ. ಮನ್ಯಾಗ ಅಕ್ಕಾರು ಆರಾಮ ಅದಾರಂತ ತಿಳೀತೀನಿ. ನನ್ನ ನರ್ಸಿಂಗ್ ಓದು ಚಲೋ ನಡದೈತಿ.

ಗುಳಿಗಿ ಬಿಡಿಯಾಗಿ ಕೊಡುವಾಗ ಶೀಟಿನ ಮ್ಯಾಲೆ ಹೆಸರು, ತಾರೀಖು ಇರೋ ತುದಿ ಕಡೀತನಕ ಉಳಿಸಬೇಕು ಅಂತ ಮೊನ್ನೆ ಮೇಡಂ ಪಾಠ ಮಾಡಿದ್ರು. ನೀವು ದಿನಾ ಹೇಳತಿದ್ದ ಮಾತೇ ಅದು. ಗದ್ದಲದಾಗ ನಾನು ಕೈಗೆ ಸಿಕ್ಕ ತುದಿ ಕತ್ತರಿಸಿಬಿಡತಿದ್ದೆ. ಹೆಸರಿಲ್ಲದೆ ಉಳಿದ ತುಂಡು ಯಾರಿಗೂ ಕೊಡಬ್ಯಾಡ ಅಂತ ನೀವು ಡಬ್ಬಿಗೆ ಹಾಕಿಸತಿದ್ರಿ.

ಅವ್ವಗ ಮೈಕೈ ನೋವಿದ್ದಾಗ ಆ ಡಬ್ಬಿಯಿಂದ ಒಂದು ತುಂಡು ಮನಿಗೆ ಒಯ್ದಾಕಿ ನಾನು. "ಅಣ್ಣಾರು ಕೊಟ್ರು" ಅಂತ ಹೇಳಿದ್ದೆ. ಆಕಿ ಮುಖ ಬಾತು, ಉಸಿರು ಕಟ್ಟಿ ದವಾಖಾನಿಗೆ ಒಯ್ದಾಗ, ಡಾಕ್ಟರು ಆ ತುಂಡು ತಿರುಗಿಸಿ ತಿರುಗಿಸಿ ನೋಡಿದ್ರು. ಅವ್ವ ಉಳಿದ್ಲು. ಆಕಿಗೆ ಯಾವ ಗುಳಿಗಿ ಆಗಂಗಿಲ್ಲ ಅನ್ನೋದು ಮಾತ್ರ ಇವತ್ತಿಗೂ ಗೊತ್ತಿಲ್ಲ. ಜ್ವರ ಬಂದ್ರೂ ಅಂಜಿ ಬರೇ ಕಷಾಯ ಕುಡೀತಾಳ.

ಅಪ್ಪ ಅಂಗಡಿ ಮುಂದ ನಿಂತು ಬೈದಾಗ ನೀವು "ಹೌದಪಾ, ನಂದೇ ತಪ್ಪು" ಅಂದ್ರಿ. ನಾನು ಒಳಗ ರ‍್ಯಾಕು ಒರಸಾಕತ್ತಿದ್ದೆ. ಅಪ್ಪ ಕೆಲಸ ಬಿಡಿಸಿ ಕರಕೊಂಡು ಹೋಗುವಾಗ "ಚೆಂದಾಗಿ ಓದವಾ" ಅಂದ್ರಿ, ಅಷ್ಟೇ.

ರವಿವಾರ ಕೊಟ್ಟೂರಿಗೆ ಬರತೀನಿ. ಅವ್ವ ಅಪ್ಪನ್ನ ಅಂಗಡಿಗೆ ಕರಕೊಂಡು ಬಂದು, ನಿಮ್ಮೆದುರಿಗೇ ಹೇಳತೀನಿ. ಈ ಸಲ ನೀವು ಏನೂ ಅನ್ನಬ್ಯಾಡ್ರಿ.

ನಿಮ್ಮ
ಕ್ರಾಂತಿ