ಬೊಟ್ಟಿನ ಹಿಂದಿನ ದೀಪ

ವ್ಯಾನಿನ ಮಾತು ಬಂದೊಡನೆ ಫೋನ್ ಇಟ್ಟುಬಿಡುವ ನನ್ನ ಕುಸುಮತ್ತೆಗೆ,

ಇವತ್ತು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತೇ ಎಂದು ನೋಡಲು ಹೊರಗೆ ಬಂದವಳು ಗೇಟಿನ ಹತ್ತಿರವೇ ನಿಂತುಬಿಟ್ಟೆ. ಹೊಂಗೆ ಮರ ರಸ್ತೆಯ ಆ ಬದಿಯನ್ನೆಲ್ಲ ಹೂವಿನಿಂದ ಮುಚ್ಚಿಹಾಕಿತ್ತು. ನಡುವೆ ಒಂದು ಉದ್ದನೆಯ ಚೌಕ ಮಾತ್ರ, ರಾತ್ರಿ ಉದುರಿದ ನಾಲ್ಕಾರು ಹೂಗಳನ್ನು ಬಿಟ್ಟರೆ, ಬರಿದಾಗಿತ್ತು. ನಿಮ್ಮ ವ್ಯಾನ್ ಇಷ್ಟು ದಿನ ನಿಂತಿದ್ದ ಜಾಗ. ಯಾರೋ ಒಯ್ದುಬಿಟ್ಟರು ಅಂದುಕೊಂಡೆ. ಆಮೇಲೆ ನೆನಪಾಯಿತು, ನಿನ್ನೆ ಸಂಜೆ ಅದನ್ನು ಮುನಿಯಣ್ಣನ ಗ್ಯಾರೇಜಿಗೆ ಕಳಿಸಿದವಳು ನಾನೇ.

ಕಾಗದ ಮಡಿಸಬೇಡಿ ಅತ್ತೆ. ಫೋನಿನಲ್ಲಾದರೆ ನಾನು ‘ವ್ಯಾನು’ ಅನ್ನುವಷ್ಟರಲ್ಲಿ ನಿಮಗೆ ಹಾಲು ಉಕ್ಕುತ್ತದೆ. ಲತಕ್ಕನ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಹಾಲು ಕಾಯಿಸುತ್ತೀರೋ ದೇವರಿಗೇ ಗೊತ್ತು. ಚನ್ನಪಟ್ಟಣಕ್ಕೇ ಬಂದು ಎದುರು ಕೂತು ಹೇಳೋಣವೆಂದರೆ ನಾನು ಎಂಥವಳೆಂದು ನಿಮಗೆ ಗೊತ್ತು. ಬಾಯಿಗಿಂತ ಕೈಯೇ ನನಗೆ ವಾಸಿ.

ಆ ವ್ಯಾನ್ ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಬಾತ್‌ರೂಮಿಗೆ ಹೋಗುವುದಕ್ಕೂ ಸೂಪರ್‌ವೈಸರನ ಮುಖ ನೋಡಬೇಕು ಎಂದು ರೋಸಿಹೋಗಿ ನೀವು ಕೆಲಸ ಬಿಟ್ಟು, ಯಾರಿಗೂ ಹೇಳದೆ ಡ್ರೈವಿಂಗ್ ಕಲಿತು, ಒಂದು ಬೆಳಿಗ್ಗೆ ಬಿಳಿ ವ್ಯಾನನ್ನು ನೀವೇ ಓಡಿಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದಿರಿ. ಅಪ್ಪ ಬನಿಯನ್ನಿನಲ್ಲೇ ಹೊರಗೆ ಓಡಿಬಂದಿದ್ದರು. ಅವತ್ತಿನಿಂದ ಹತ್ತನೇ ಕ್ಲಾಸು ಮುಗಿಯುವವರೆಗೂ ಮುಂದಿನ ಸೀಟು ನನ್ನದು. ಹಿಂದೆ ನೀವು ಶಾಲೆಗೆ ಬಿಡುವ ಮಕ್ಕಳು ಕಿರುಚಾಡುತ್ತಿದ್ದರೆ ನಾನು ಕಿಟಕಿಗೆ ಅಂಟಿಕೊಂಡು ಬಸವೇಶ್ವರನಗರದ ಗೇಟುಗಳನ್ನು ನೋಡುತ್ತ ಕೂತಿರುತ್ತಿದ್ದೆ. ನೀವು ಒಂದೊಂದು ಮನೆಗೂ ಒಂದೊಂದು ಹಾರನ್ ಇಟ್ಟಿದ್ದಿರಿ. ಒಬ್ಬರಿಗೆ ಎರಡು ಗಿಡ್ಡ, ಇನ್ನೊಬ್ಬರಿಗೆ ಒಂದು ಉದ್ದ, ಮೂಲೆಮನೆಯ ಸೋಮಾರಿ ಹುಡುಗಿಗೆ ಬೈದ ಹಾಗೆ ಸತತವಾಗಿ. ಹಾರನ್ ಕೇಳಿದರೆ ಯಾರ ಮನೆಗೆ ಬಂತೆಂದು ಇಡೀ ಬೀದಿಗೆ ತಿಳಿಯುತ್ತಿತ್ತು.

‘ಗಾಡಿ ಮಾತಾಡತ್ತೆ ಕಣೇ ನಿಕ್ಕಿ. ನಿನ್ನ ಥರ ಗುಮ್ಮನಗುಸ್ಕಿ ಅಲ್ಲ ಅದು’ ಎಂದು ಎಷ್ಟು ಸಲ ಅಣಕಿಸಿದ್ದೀರಿ. ನಿಜಕ್ಕೂ ನೀವು ಅದರ ಜೊತೆ ಮಾತಾಡುತ್ತಿದ್ದಿರಿ. ಗೇರ್ ಬದಲಿಸುವಾಗ ‘ಬಾ ಬಾ’ ಅನ್ನುತ್ತಿದ್ದಿರಿ, ಉಬ್ಬಿನ ಮೇಲೆ ಹತ್ತಿಸುವಾಗ ‘ನಿಧಾನ ಕಣಮ್ಮ’ ಅನ್ನುತ್ತಿದ್ದಿರಿ.

ಇನ್ನು ಆ ಬೊಟ್ಟುಗಳು. ಗುರುತು ಮಾಡಬೇಕಾದದ್ದಕ್ಕೆಲ್ಲ ನೀವು ಹಣೆಯ ಸ್ಟಿಕ್ಕರ್ ಬೊಟ್ಟನ್ನೇ ತೆಗೆದು ಅಂಟಿಸುತ್ತಿದ್ದಿರಿ. ಪೆಟ್ರೋಲ್ ಮುಳ್ಳು ಎಲ್ಲಿಗೆ ಇಳಿದರೆ ಬಂಕಿಗೆ ಹೋಗಬೇಕೋ ಅಲ್ಲಿ ಒಂದು ಕೆಂಪು. ಯಾವ ಸ್ವಿಚ್ಚು ಒತ್ತಬಾರದೋ ಅದರ ಮೇಲೆ ಒಂದು ಕಪ್ಪು. ಓದಲು ಬಾರದ ಎಲ್‌ಕೆಜಿ ಮಕ್ಕಳಿಗೆ ತಮ್ಮ ಸೀಟು ಗೊತ್ತಾಗಲೆಂದು ಸೀಟಿನ ಬೆನ್ನಿಗೆ ಹಸಿರು, ನೀಲಿ, ಹಳದಿ. ‘ನಾನು ಹಸ್ರು ಬೊಟ್ಟು’ ಎಂದು ಅವು ಜಗಳವಾಡುತ್ತಿದ್ದವು. ಕನ್ನಡ ಎಂಎ ಸೇರಿದ ಮೊದಲ ದಿನ ನನ್ನನ್ನು ಜ್ಞಾನಭಾರತಿಗೆ ಬಿಟ್ಟಾಗಲೂ ಅದೇ ವ್ಯಾನ್. ಗೆಳತಿಯರೆಲ್ಲ ನೋಡುತ್ತಾರೆಂದು ಗೇಟಿನಿಂದ ದೂರದಲ್ಲೇ ಇಳಿಸಿ ಅಂದೆ. ನೀವು ಇಳಿಸಿ, ನನ್ನ ಬೆನ್ನಿಗೆ ಎರಡು ಗಿಡ್ಡ ಹಾರನ್ ಹೊಡೆದು ಹೋದಿರಿ.

ಟೋಲ್‌ಗೇಟ್ ಸಿಗ್ನಲ್ಲಿನ ಆ ಬೆಳಗನ್ನು ನಿಮಗೆ ನೆನಪಿಸಲು ನನಗೆ ಇಷ್ಟವಿಲ್ಲ. ಆದರೂ ಅದನ್ನು ದಾಟದೆ ಈ ಕಾಗದ ಮುಂದಕ್ಕೆ ಹೋಗುವುದಿಲ್ಲ. ವ್ಯಾನ್ ಜಗ್ಗಿ ಜಗ್ಗಿ ನಡುರಸ್ತೆಯಲ್ಲಿ ನಿಂತಿತಂತೆ. ಹಿಂದೆ ಬಸ್ಸುಗಳು ಹಾರನ್ ಹೊಡೆದವಂತೆ, ಮಕ್ಕಳು ಅತ್ತವಂತೆ. ಬೈಕಿನಲ್ಲಿ ಹೋಗುತ್ತಿದ್ದ ಒಂದು ಮಗುವಿನ ತಂದೆ ಇಳಿದು ಬಂದು ಎಲ್ಲರ ಮುಂದೆ ‘ಮಕ್ಳ ಜೀವ ಏನು ಆಟದ ಸಾಮಾನಾ ನಿಮಗೆ’ ಅಂದರಂತೆ. ಆ ಸಂಜೆ ಪಾಲಕರ ಗ್ರೂಪಿನಲ್ಲಿ ನೀವು ಜೋರಾಗಿ ಓಡಿಸಿ ಓಡಿಸಿ ಗಾಡಿ ಹಾಳುಮಾಡಿದಿರಿ ಎಂದು ಯಾರೋ ಬರೆದರು. ಅಮ್ಮನ ಹತ್ತಿರ ಮಾತ್ರ ಹೇಳಿದಿರಂತೆ: ‘ಇಂಜಿನ್ ಹೋಗಿದ್ರೆ ನನ್ನ ಕೈಯಿಂದ್ಲೇ ಹೋಗಿರೋದು ಬಿಡಿ ಅತ್ತಿಗೆ. ಈ ಕೈಗೆ ಇನ್ನು ಮಕ್ಕಳು ಬೇಡ.’ ಆಮೇಲೆ ಲತಕ್ಕನ ಮನೆಗೆಂದು ಚನ್ನಪಟ್ಟಣಕ್ಕೆ ಹೊರಟುಬಿಟ್ಟಿರಿ. ಅಪ್ಪನಿಗೆ ಒಂದೇ ಮಾತು, ಮಾರಿಬಿಡಿ ಅಣ್ಣ.

ಮಾರೇನಹಳ್ಳಿಯ ವೆಂಕಟಗಿರಿ ಬಂದು ನೋಡಿದ. ಹಳೆ ಗಾಡಿ ಬಿಚ್ಚಿ ಭಾಗ ಮಾರುವವನು. ಸ್ಟಾರ್ಟ್ ಮಾಡಿಸಿ, ಅದು ಕೆಮ್ಮಿದ್ದನ್ನು ಕೇಳಿ, ‘ಇಂಜಿನ್ ಕಥೆ ಮುಗೀತು ಸಾರ್, ಗುಜರಿಗೇ ಇದು’ ಅಂದ. ನಾಡಿದ್ದು ಭಾನುವಾರ ಬಂದು ಒಯ್ಯುತ್ತೇನೆ ಎಂದಿದ್ದಾನೆ.

ಒಯ್ಯುವ ಮೊದಲು ಒಳಗೆಲ್ಲ ಒರೆಸು, ಆ ಬೊಟ್ಟುಗಳನ್ನೂ ಕೀಳು, ಹಣೆಯ ಬೊಟ್ಟು ಗುಜರಿಗೆ ಹೋಗಬಾರದು ಎಂದು ಅಮ್ಮ ಹೇಳಿದರು. ಹೋದ ವಾರ ಕೂತು ಒಂದೊಂದಾಗಿ ಕಿತ್ತೆ. ಪೆಟ್ರೋಲ್ ಮುಳ್ಳಿನ ಪಕ್ಕದಲ್ಲಿ ಒಂದು ದೊಡ್ಡ ಮೆರೂನ್ ಬೊಟ್ಟಿತ್ತು. ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ. ಕಿತ್ತು ಕೀ ತಿರುಗಿಸಿದರೆ ಅದರ ಹಿಂದೆ ಇಂಜಿನ್ ಆಕಾರದ ಕಿತ್ತಳೆ ದೀಪ ಉರಿಯುತ್ತಿತ್ತು. ಗಾಡಿ ಸ್ಟಾರ್ಟ್ ಆದಮೇಲೂ ಆರಲಿಲ್ಲ.

ಅಮ್ಮನನ್ನು ಕೇಳಿದೆ. ಸಂಕ್ರಾಂತಿ ಹೊತ್ತಿಗೆ ನೀವು ಯಾವುದೋ ಗ್ಯಾರೇಜಿಗೆ ತೋರಿಸಿದ್ದಿರಂತೆ. ಮೆಷಿನ್ ಹಾಕಿ ನೋಡಬೇಕು, ಗಾಡಿ ಬಿಟ್ಟುಹೋಗಿ ಅಂದರಂತೆ. ಮಕ್ಕಳನ್ನು ಯಾರು ಕರೆದುಕೊಂಡು ಹೋಗುತ್ತಾರೆಂದು ನೀವು ವಾಪಸ್ ಬಂದಿರಂತೆ. ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ಪುಟ್ಟ ಜೀವನ್ ದಿನಾ ಆ ದೀಪ ತೋರಿಸಿ, ‘ಆಂಟಿ, ವ್ಯಾನ್‌ಗೆ ಬೆಂಕಿ ಬಿತ್ತಾ’ ಎಂದು ಅಳುತ್ತಿದ್ದನಂತೆ. ನೀವು ಹಣೆಯ ಬೊಟ್ಟು ತೆಗೆದು ಅದರ ಮೇಲೆ ಅಂಟಿಸಿ, ‘ನೋಡು, ಆರೋಯ್ತು’ ಅಂದಿರಂತೆ.

ಆ ಬೊಟ್ಟನ್ನು ಎಸೆಯಲಿಲ್ಲ. ಫೋನ್ ತೆಗೆದು ಆ ದೀಪ ಏನೆಂದು ಹುಡುಕಿದೆ.

ಅತ್ತೆ, ಆ ದೀಪ ಯಾಕೆ ಉರಿಯುತ್ತದೆಂದು ಗಾಡಿ ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಓದಲು ಗ್ಯಾರೇಜಿನ ದೊಡ್ಡ ಮೆಷಿನ್ನೇ ಬೇಕೆಂದಿಲ್ಲ. ಒಂದು ಜೊತೆ ಚಪ್ಪಲಿಯ ಬೆಲೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನವೊಂದು ಆನ್‌ಲೈನಿನಲ್ಲಿ ಸಿಗುತ್ತದೆ. ಸ್ಟಿಯರಿಂಗಿನ ಕೆಳಗೆ, ನಿಮ್ಮ ಮೊಣಕಾಲು ತಗಲುವ ಜಾಗದಲ್ಲಿ, ಒಂದು ಸಾಕೆಟ್ ಇದೆ. ಇಷ್ಟು ವರ್ಷ ಅದರ ಮುಂದೆಯೇ ಕೂತು ಓಡಿಸಿದ್ದೀರಿ. ಸಾಧನವನ್ನು ಅಲ್ಲಿಗೆ ಸಿಕ್ಕಿಸಿ ಕೀ ತಿರುಗಿಸಿದರೆ, ಬ್ಲೂಟೂತ್ ಹಿಡಿದು ಗಾಡಿ ನನ್ನ ಈ ಹಳೆಯ ಫೋನಿಗೆ ಉತ್ತರ ಕೊಡಲು ಶುರುಮಾಡಿತು. ಇಂಜಿನ್ ಎಷ್ಟು ಸುತ್ತುತ್ತಿದೆ, ಎಷ್ಟು ಬಿಸಿಯಾಗಿದೆ, ಬ್ಯಾಟರಿ ಹೇಗಿದೆ ಎಲ್ಲ ಅಂಕಿಗಳು ಕುಣಿಯತೊಡಗಿದವು. ಗಾಡಿ ಮಾತಾಡುತ್ತದೆಂದು ನೀವು ಹೇಳಿದಾಗ ನಾನು ಮನಸ್ಸಿನಲ್ಲೇ ನಗುತ್ತಿದ್ದೆ.

ಗಾಡಿಯ ತಪ್ಪು ತೋರಿಸುವ ಜಾಗದಲ್ಲಿ ಒಂದೇ ಒಂದು ಸಂಕೇತವಿತ್ತು. ಹುಡುಕಿ ಅರ್ಥ ತಿಳಿದೆ. ಎರಡನೆಯ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತುತ್ತಿಲ್ಲ. ಅಷ್ಟೇ. ಇಂಜಿನ್ ಮುಗಿಯಿತು ಎಂದು ಎಲ್ಲೂ ಇರಲಿಲ್ಲ.

ಅದರ ಕೆಳಗೆ ಇನ್ನೊಂದು ಪುಟವಿತ್ತು. ದೀಪ ಹೊತ್ತಿಕೊಂಡ ಗಳಿಗೆಯಲ್ಲಿ ಗಾಡಿ ಹೇಗಿತ್ತೆಂಬುದನ್ನು ಅದು ಫೋಟೊದಂತೆ ಹಿಡಿದಿಡುತ್ತದಂತೆ. ತೆರೆದು ನೋಡಿದರೆ, ವೇಗ ಗಂಟೆಗೆ ಹದಿನೆಂಟು ಕಿಲೋಮೀಟರ್. ನನಗೆ ಕಣ್ಣು ತುಂಬಿ ಬಂತು. ಸೈಕಲ್ಲಿನ ವೇಗ ಅದು. ಜೋರಾಗಿ ಓಡಿಸಿದಿರಿ ಎಂದು ಬರೆದವರಿಗೆಲ್ಲ ಇದನ್ನು ಕಳಿಸಿಬಿಡಬೇಕು ಎಂದು ಗ್ರೂಪನ್ನೂ ತೆರೆದೆ. ಕಳಿಸುವ ಮುನ್ನ ಹೊಳೆಯಿತು. ದೀಪ ಹೊತ್ತಿದ್ದು ಟೋಲ್‌ಗೇಟಿನಲ್ಲಲ್ಲ. ಸಂಕ್ರಾಂತಿಗೂ ಮುಂಚೆಯೇ ಹೊತ್ತಿತ್ತು. ಆ ಪುಟಕ್ಕೆ ತಾರೀಖೂ ಇರಲಿಲ್ಲ. ಅದು ಬೇರೆ ಯಾವುದೋ ಬೆಳಗಿನದು. ಶಾಲೆಯ ಹತ್ತಿರ ಮಕ್ಕಳು ರಸ್ತೆ ದಾಟುವಾಗ ನೀವು ‘ನಿಧಾನ ಕಣಮ್ಮ’ ಅಂದ ಬೆಳಗಿರಬಹುದು. ಯಾರಿಗೂ ಕಳಿಸಲಿಲ್ಲ. ಆದರೂ ನನ್ನ ಫೋನಿನಲ್ಲಿ ಉಳಿಸಿಕೊಂಡಿದ್ದೇನೆ. ಸಾಕ್ಷಿಗೆಂದಲ್ಲ. ನೀವು ಗಾಡಿ ಓಡಿಸುತ್ತಿರುವ ಒಂದೇ ಒಂದು ಚಿತ್ರವೂ ನಮ್ಮ ಮನೆಯಲ್ಲಿಲ್ಲ ಎಂದು ಆಗ ಗೊತ್ತಾಯಿತು.

ಮುನಿಯಣ್ಣನ ಗ್ಯಾರೇಜಿನ ಮುಂದೆ ಎರಡು ಸಲ ಸುಮ್ಮನೆ ಓಡಾಡಿ, ಮೂರನೆಯ ಸಲ ಒಳಗೆ ಹೋದೆ. ಫೋನ್ ತೋರಿಸಿದರೆ ಅವರು ನಗುತ್ತಲೇ ಇದ್ದರು. ‘ಕುಸುಮಕ್ಕನ ಅಣ್ಣನ ಮಗಳಲ್ವಾ? ಕನ್ನಡ ಓದ್ದೋಳು ಗಾಡಿ ಡಾಕ್ಟ್ರು ಯಾವಾಗಾದೆ ತಾಯಿ?’ ಅಂದರು. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿ, ‘ಇದು ಜಾಗ ತೋರ್ಸತ್ತೆ, ಕಾರಣ ತೋರ್ಸಲ್ಲ. ಅದನ್ನ ನಾವು ಹುಡುಕ್ಬೇಕು’ ಎಂದು ನಿನ್ನೆ ಸಂಜೆ ತಾವೇ ಬಂದು, ಜಗ್ಗಿಸಿಕೊಂಡೇ ವ್ಯಾನನ್ನು ಒಯ್ದರು. ಅಪ್ಪ ಬೇಡ ಅನ್ನಲಿಲ್ಲ. ಏನು ಬೇಕಾದರೂ ಮಾಡಿಕೊ, ಭಾನುವಾರ ಗಾಡಿ ಇಲ್ಲಿರಬೇಕು ಅಂದರು.

ಇವತ್ತು ಹೊತ್ತೇರಿದ ಮೇಲೆ ಹೋದೆ. ಮುಂದಿನ ಸೀಟು ಎತ್ತಿದರೆ ಅದರ ಕೆಳಗೇ ಇಂಜಿನ್. ನಾನು ಇಷ್ಟು ವರ್ಷ ಕೂತಿದ್ದದ್ದು ಅದರ ಮೇಲೆಯೇ. ಸಂದಿಯಲ್ಲಿ ಬಳಪ, ಒಂದು ಗುಲಾಬಿ ಕ್ಲಿಪ್ಪು, ಯಾರದೋ ಉದುರಿದ ಹಾಲುಹಲ್ಲು ಕಟ್ಟಿಟ್ಟ ಪೇಪರಿನ ಪೊಟ್ಟಣ ಸಿಕ್ಕಿದವು. ಒಂದೊಂದು ಸಿಲಿಂಡರಿಗೂ ಕಿಡಿ ಕೊಡುವ ಒಂದೊಂದು ಕಾಯಿಲ್ ಇರುತ್ತದೆ. ಮುನಿಯಣ್ಣ ಎರಡನೆಯದನ್ನು ತೆಗೆದು ನಾಲ್ಕನೆಯದರ ಜಾಗಕ್ಕೆ, ನಾಲ್ಕನೆಯದನ್ನು ಇಲ್ಲಿಗೆ ಹಾಕಿ, ‘ಈಗ ಹಳೇದನ್ನ ಅಳಿಸು, ಹೊಸದಾಗಿ ಏನನ್ನತ್ತೆ ನೋಡಣ’ ಅಂದರು. ಅಳಿಸಿದೆ. ಗಾಡಿ ಸ್ವಲ್ಪ ಹೊತ್ತು ಕೆಮ್ಮಿ, ಮತ್ತೆ ದೀಪ ಹೊತ್ತಿಸಿತು. ಈ ಸಲ ಫೋನು ನಾಲ್ಕನೆಯ ಸಿಲಿಂಡರ್ ಅಂದಿತು. ಕಾಯಿಲ್ ಹೋದಲ್ಲಿಗೆ ತಪ್ಪೂ ಹೋಗಿತ್ತು. ಮುನಿಯಣ್ಣ ಆ ಕಾಯಿಲನ್ನು ಅಂಗೈಯಲ್ಲಿಟ್ಟು ತೋರಿಸಿದರು. ‘ಇಷ್ಟೇ ಕಣಮ್ಮಾ. ಇದು ಹಳೇದಾದ್ರೆ ಹೋಗತ್ತೆ, ಯಾರು ಓಡಿಸಿದ್ರೂ ಹೋಗತ್ತೆ. ಅಕ್ಕನಿಗೆ ಹೇಳು.’

ಹೊಸದು ಹಾಕಿದ ಮೇಲೆ ದೀಪವಿಲ್ಲ, ಕೆಮ್ಮಿಲ್ಲ. ಅವರು ನನ್ನನ್ನು ಕೂರಿಸಿಕೊಂಡು ಮಾಗಡಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು, ಹೊಂಗೆ ಮರದ ಕೆಳಗೆ ತಂದು ನಿಲ್ಲಿಸಿದ್ದಾರೆ.

ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಬೆಣ್ಣೆ ಹಚ್ಚಿದಂತಾಗುತ್ತದೆ. ಆದ್ದರಿಂದ ಇದನ್ನೂ ಬರೆಯುತ್ತೇನೆ. ಆ ದೀಪವನ್ನು ಮುಚ್ಚಬಾರದಿತ್ತು ಅತ್ತೆ. ಮುಚ್ಚದಿದ್ದರೆ ಟೋಲ್‌ಗೇಟಿನಲ್ಲಿ ಆ ಮಕ್ಕಳು ಅಷ್ಟು ಹೆದರುತ್ತಿರಲಿಲ್ಲ. ಮುನಿಯಣ್ಣನೂ ಅದನ್ನೇ ಹೇಳಿದರು. ಆದರೆ ನೀವು ಮುಚ್ಚಿದ್ದು ಒಂದು ಮಗುವಿನ ಅಳು ನಿಲ್ಲಿಸಲು. ಮಕ್ಕಳ ಜೀವವನ್ನು ಆಟದ ಸಾಮಾನು ಅಂದುಕೊಂಡವರು ಅಳುವ ಮಗುವಿಗಾಗಿ ಹಣೆ ಬರಿದು ಮಾಡಿಕೊಳ್ಳುವುದಿಲ್ಲ. ಒಂದು ತಪ್ಪಾಗಿದೆ. ನೀವು ಹೊತ್ತುಕೊಂಡು ಹೋದಷ್ಟು ದೊಡ್ಡದಲ್ಲ.

ಮೊನ್ನೆ ತರಕಾರಿ ಗಾಡಿಯ ಹತ್ತಿರ ಜೀವನ್‌ನ ಅಜ್ಜಿ ಜಗದಾಂಬಾ ಸಿಕ್ಕಿದ್ದರು. ಬೇರೆ ವ್ಯಾನಿನವನು ಮಗು ಹತ್ತುವ ಮೊದಲೇ ಗಾಡಿ ಎಳೆಯುತ್ತಾನಂತೆ. ‘ಜೂನ್‌ಗೆ ಕುಸುಮಾ ಬರ್ತಾಳೇನಮ್ಮಾ? ಬರೋದಾದ್ರೆ ನಾವು ಬೇರೆ ಕಡೆ ಹೇಳಲ್ಲ’ ಅಂದರು. ನಾನು ಕೊತ್ತಂಬರಿ ಕಟ್ಟು ಹಿಡಿದುಕೊಂಡು ತಲೆಯಾಡಿಸಿ ಬಂದೆ. ಅದು ಹೌದೋ ಅಲ್ಲವೋ ಅವರಿಗೂ ಗೊತ್ತಾಗಿರಲಿಕ್ಕಿಲ್ಲ.

ಅಪ್ಪನಿಗೆ ಎಲ್ಲ ಹೇಳಿದೆ. ಗಾಡಿ ಕುಸುಮನದು, ಮಾರು ಅಂದವಳೂ ಅವಳೇ, ಕೊಟ್ಟ ಮಾತಿಗೆ ವೆಂಕಟಗಿರಿ ಬರುತ್ತಾನೆ ಎಂದರು. ಅವರು ಹೇಳಿದ್ದು ಸರಿಯೇ. ನಿಮ್ಮ ಪರವಾಗಿ ಬೇಡ ಅನ್ನುವ ಹಕ್ಕು ನನಗಿಲ್ಲ. ಹಾಗೆಂದು ಬಿಚ್ಚಿಹಾಕಲಿ ಎಂದು ಕಣ್ಣೆದುರು ಕೊಟ್ಟುಬಿಡುವುದೂ ನನ್ನಿಂದಾಗದು.

ಈ ಲಕೋಟೆ ನಿಮ್ಮ ಕೈಯಲ್ಲಿ ಭಾರವೆನಿಸಿದ್ದರೆ ಕಾರಣ, ವ್ಯಾನಿನ ಕೀ ಇದರೊಳಗಿದೆ. ಇನ್ನೊಂದನ್ನು ನೀವೇ ಘಾಟಿ ಸುಬ್ರಹ್ಮಣ್ಯದ ಜನಜಂಗುಳಿಯಲ್ಲಿ ಕಳೆದಿರಿ, ಆದ್ದರಿಂದ ಇದೊಂದೇ. ಸಂಜೆ ಅಪ್ಪ ಬರುವ ಮೊದಲು ಕೊರಿಯರಿಗೆ ಕೊಟ್ಟು ಬರುತ್ತೇನೆ. ಭಾನುವಾರ ವೆಂಕಟಗಿರಿ ಬಂದಾಗ ಒಳಕೋಣೆಗೆ ಹೋಗಿ ಕೂರುವುದಿಲ್ಲ. ಗೇಟು ನಾನೇ ತೆರೆಯುತ್ತೇನೆ. ಕೀ ಗಾಡಿಯ ಒಡತಿಯ ಹತ್ತಿರವಿದೆ, ಮಾರುವುದಾದರೆ ಅವರೇ ಬಂದು ಕೈಯಾರೆ ಕೊಡುತ್ತಾರೆ ಎಂದು ಹೇಳುತ್ತೇನೆ. ಅಪ್ಪ ಬೈದರೆ ಬೈಯಲಿ.

ಊಟ ಹೊತ್ತಿಗೆ ಸರಿಯಾಗಿ ಮಾಡಿ ಅತ್ತೆ. ನಿಮ್ಮ ಕೈಗಳು ತಣ್ಣಗಿರಲಿ.

ನಿಮ್ಮ
ನಿಕ್ಕಿ